ಅಮ್ಮಣ್ಣಿ ಮತ್ತು ಲೆವೆಲ್ ಪೈಪು

ನಮ್ಮ ಮನೆಯಲ್ಲಿ ಇರುವೆ ಕಂಡರೆ ಮೊದಲು ಹೊರಗೆ ಬರುವುದು ಅರಿಶಿನದ ಡಬ್ಬಿ. ಅಂಥ ಮನೆಯಲ್ಲಿ ನಿಂತುಕೊಂಡು ಇರುವೆ ಸಾಕುತ್ತೇನೆ ಅಂದರೆ ಅಮ್ಮ ಇನ್ನೇನು ಕೇಳುತ್ತಾರೆ? "ಯಾಕೆ, ಅಡುಗೆಮನೇಲಿ ಇರೋವು ಸಾಲ್ದಾ?"

ಇವು ಅವಲ್ಲ, ಗೊದ್ದ ಅಂದೆ. ಮಾವಿನ ಮರದ ಬುಡದಲ್ಲಿ ಓಡಾಡುವ ದೊಡ್ಡ ಕಪ್ಪು ಇರುವೆ. ಕೆಲವು ಕಡೆ ಕಟ್ಟಿರುವೆ ಅನ್ನುತ್ತಾರೆ. ಪುಸ್ತಕದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಅಮ್ಮನಿಗೆ ಸಮಾಧಾನ ಆಗಲಿಲ್ಲ. "ಅದು ಇನ್ನೂ ಜೋರಾಗಿ ಕಚ್ಚುತ್ತೆ ಅಲ್ವಾ?" ಕಚ್ಚುತ್ತದೆ, ನಿಜ. ಆದರೆ ಕೊಂಡಿ ಇಲ್ಲ.

ಹೋದ ವರ್ಷದ ಮೇ ತಿಂಗಳು. ಮೈಸೂರಿನಲ್ಲಿ ಎರಡು ವಾರ ಸುಡುಬಿಸಿಲು ಕಾದು, ಒಂದು ಸಂಜೆ ಗುಡುಗಿ ಮಳೆ ಬಂತು. ಮಳೆ ನಿಂತ ಮೇಲೆ ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ಹುಳಗಳ ಜಾತ್ರೆ. ಹೆಚ್ಚಿನವು ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು. ಅವುಗಳ ನಾಲ್ಕೂ ರೆಕ್ಕೆ ಒಂದೇ ಅಳತೆ, ಸೊಂಟ ಅನ್ನುವುದೇ ಇಲ್ಲ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಸೊಂಟ ದಾರದ ಹಾಗೆ, ಮೀಸೆ ಮೊಣಕೈ ಮಡಚಿದಂತೆ. ಇಷ್ಟು ಗೊತ್ತಿದ್ದರೆ ರಾಶಿಯಲ್ಲೂ ಇರುವೆಯನ್ನು ಹೆಕ್ಕಬಹುದು. ನನಗೆ ಮೂರು ರಾಣಿ ಸಿಕ್ಕವು. ಎರಡಕ್ಕೆ ರೆಕ್ಕೆ ಇರಲಿಲ್ಲ, ಬೆನ್ನಿನ ಮೇಲೆ ಉದುರಿದ ಗುರುತು ಮಾತ್ರ. ಒಂದಕ್ಕೆ ಇನ್ನೂ ರೆಕ್ಕೆ ಇತ್ತು.

ರೆಕ್ಕೆ ಉದುರಿಸಿದೆ ಅಂದರೆ ಸಾಮಾನ್ಯವಾಗಿ ಮದುವೆ ಮುಗಿದಿದೆ ಅಂತ ಅರ್ಥ. ಗಂಡು ಇರುವೆ ಆ ಮೇಲೆ ಕೆಲವೇ ದಿನ ಬದುಕುತ್ತದೆ. ರಾಣಿ ಆ ಒಂದು ಸಂಜೆ ಪಡೆದ ವೀರ್ಯವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಜೀವನಪೂರ್ತಿ ಮೊಟ್ಟೆ ಇಡುತ್ತಾಳೆ.

ಹೊಸಬರಿಗೆ ಗೊದ್ದವೇ ಯಾಕೆ ಸರಿ ಅಂದರೆ, ಈ ರಾಣಿಗೆ ಮೊದಲ ಮಕ್ಕಳು ಬರುವವರೆಗೂ ಊಟ ಬೇಡ. ಮಣ್ಣಿನೊಳಗೆ ಗೂಡು ಮಾಡಿ ಬಾಗಿಲು ಮುಚ್ಚಿಕೊಂಡು ಕೂರುವ ಜಾತಿ ಇದು. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿ, ಅದರಲ್ಲೇ ಮೊದಲ ಮರಿಗಳನ್ನು ಸಾಕುತ್ತಾಳೆ. ನಾವು ಮಾಡಬೇಕಾದ್ದು ಕತ್ತಲು, ನೀರು, ಮತ್ತು ಸುಮ್ನೆ ಇರುವುದು. ಮೊದಲಿನ ಎರಡು ಸುಲಭ.

ಟ್ಯೂಬು

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 16 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಗಾಜಿನ ಟೆಸ್ಟ್ ಟ್ಯೂಬ್ ತಂದೆ. ಮೂರನೇ ಒಂದು ಭಾಗ ನೀರು. ಅದರ ಮೇಲೆ ಹತ್ತಿ ಉಂಡೆ, ನೀರಿಗೆ ತಾಗುವ ಹಾಗೆ ಬಿಗಿಯಾಗಿ ತಳ್ಳಿದೆ. ಹತ್ತಿಯ ಈಚೆ ರಾಣಿ. ಬಾಯಿಗೆ ಇನ್ನೊಂದು ಹತ್ತಿ, ಗಾಳಿ ಆಡುವಷ್ಟು ಸಡಿಲ. ಅಷ್ಟೇ ಮನೆ. ಪ್ರಪಂಚದ ತುಂಬ ಇರುವೆ ಸಾಕುವವರು ಶುರು ಮಾಡುವುದು ಹೀಗೇ. 2025ರಲ್ಲಿ ಕೀನ್ಯಾದಲ್ಲಿ ಇಬ್ಬರು ಬೆಲ್ಜಿಯಂ ಹುಡುಗರು ಕದ್ದು ಸಾಗಿಸಲು ಇಟ್ಟುಕೊಂಡ ಸುಮಾರು 5,000 ಇರುವೆಗಳ ಜೊತೆ ಸಿಕ್ಕಿಬಿದ್ದರಲ್ಲ, ಆಗ ಅವರ ಹತ್ತಿರ ಇದ್ದದ್ದೂ ಹತ್ತಿ ತುರುಕಿದ ಎರಡು ಸಾವಿರಕ್ಕೂ ಜಾಸ್ತಿ ಟ್ಯೂಬುಗಳೇ. ಕೋರ್ಟು ದಂಡ ಹಾಕಿತು. ದೂರದೂರಿನ ಇರುವೆ ದುಡ್ಡು ಕೊಟ್ಟು ತರಿಸುವುದು ನನಗೆ ಮೊದಲಿಂದಲೂ ಸರಿ ಕಾಣದು. ತಪ್ಪಿಸಿಕೊಂಡರೆ ಇಲ್ಲಿನ ಇರುವೆಗಳ ಗತಿ ಏನು? ನಮ್ಮ ಜಗಲಿಗೆ ತಾನಾಗಿ ಬಂದದ್ದು ಸಾಕು.

ಹತ್ತಿ ವಿಷಯದಲ್ಲಿ ಒಂದು ಮಾತು. ಬಿಗಿ ಕಡಿಮೆ ಆದರೆ ನೀರು ಜಿನುಗುತ್ತದೆ. ಟ್ಯೂಬನ್ನು ಒಂದು ನಿಮಿಷ ತಲೆಕೆಳಗೆ ಹಿಡಿದು ನೋಡಿ, ಹನಿ ಬೀಳಬಾರದು. ನೀರಿನ ಹಿಂದೆ ಗಾಳಿಗುಳ್ಳೆ ಉಳಿಯಲೂ ಬಾರದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಮೂರೂ ಟ್ಯೂಬಿಗೆ ನಂಬರ್ ಬರೆದು, ಹಳೇ ಶೂ ಡಬ್ಬಿಯಲ್ಲಿ ಮಲಗಿಸಿ, ಬೀರುವಿನಲ್ಲಿ ಇಟ್ಟೆ.

4ನೇ ದಿನ: 2 ಮತ್ತು 3ನೇ ಟ್ಯೂಬಿನಲ್ಲಿ ಮೊಟ್ಟೆ. ಗಸಗಸೆಗಿಂತ ಸ್ವಲ್ಪ ಉದ್ದ, ಹಾಲುಬಣ್ಣ. ರಾಣಿ ಅದನ್ನು ಉಂಡೆ ಮಾಡಿ ಬಾಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು. 1ನೇದು, ರೆಕ್ಕೆ ಇದ್ದದ್ದು, ಹತ್ತಿ ಕಿತ್ತು ಕಿತ್ತು ಹೊರಗೆ ಹೋಗಲು ನೋಡುತ್ತಿತ್ತು. ವಾರ ಆದ ಮೇಲೆ ಅದನ್ನು ಮಾವಿನ ಮರದ ಹತ್ತಿರ ಬಿಟ್ಟು ಬಂದೆ.

6ನೇ ದಿನ: 2ರಲ್ಲಿ 7 ಮೊಟ್ಟೆ, 3ರಲ್ಲಿ 5.

7ನೇ ದಿನ: 2ರಲ್ಲಿ 4.

ಕಡಿಮೆ ಆಗಿದ್ದು ಹೇಗೆ? ತಿಂದಿದ್ದಳು. ನಾನು ಬೆಳಿಗ್ಗೆ ಒಂದು ಸಲ, ಆಫೀಸಿಂದ ಬಂದು ಒಂದು ಸಲ, ಮಲಗುವ ಮುಂಚೆ ಒಂದು ಸಲ ಟಾರ್ಚ್ ಬಿಟ್ಟು ಎಣಿಸುತ್ತಿದ್ದೆ. ಹೆದರಿದ ರಾಣಿ ತನ್ನ ಮೊಟ್ಟೆಯನ್ನೇ ತಿಂದು ಶಕ್ತಿ ವಾಪಸ್ ತೆಗೆದುಕೊಳ್ಳುತ್ತಾಳೆ. ಲೆಕ್ಕ ಹಾಕಿದರೆ ಅವಳು ಮಾಡಿದ್ದು ಸರಿ. ಅಲ್ಲಿ ಅಪಾಯ ಇತ್ತು, ಆ ಅಪಾಯ ನಾನೇ.

ಅವತ್ತಿಂದ ಟ್ಯೂಬಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿದೆ. ಇರುವೆಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣಿಸದು, ನಮಗೆ ಒಳಗಿನದು ಕಾಣುತ್ತದೆ. ವಾರಕ್ಕೆ ಒಂದೇ ಸಲ, ಭಾನುವಾರ ಮಾತ್ರ ನೋಡುವುದು ಅಂತ ನನಗೆ ನಾನೇ ರೂಲ್ ಹಾಕಿಕೊಂಡೆ.

ಕಣ್ಣು ಸುಮ್ಮನಾಯಿತು, ಕೈ ಆಗಲಿಲ್ಲ. ಜೂನ್‌ನಲ್ಲಿ ಮೋಡ ಮುಚ್ಚಿಕೊಂಡು ಚಳಿ ಚಳಿ ಅನ್ನಿಸಿತು. ಬೆಚ್ಚಗಿದ್ದರೆ ಮೊಟ್ಟೆ ಬೇಗ ಬೆಳೆಯುತ್ತದೆ ಅಂತ 2ನೇ ಟ್ಯೂಬನ್ನು ಟಿವಿಯ ಸೆಟ್‌ಟಾಪ್ ಬಾಕ್ಸ್ ಮೇಲೆ ಮಲಗಿಸಿದೆ. ಅದರ ನೀರಿನ ಹಿಂದೆ ಕಡಲೆಕಾಳಿನಷ್ಟು ಗಾಳಿಗುಳ್ಳೆ ಇತ್ತು. ಗಾಳಿ ಬಿಸಿಯಾಯಿತು, ಹಿಗ್ಗಿತು, ನೀರನ್ನು ಹತ್ತಿಯ ಮೂಲಕ ಈಚೆಗೆ ನೂಕಿತು. ಬೆಳಿಗ್ಗೆ ನೋಡಿದರೆ ರಾಣಿ ಅರ್ಧ ಇಂಚು ನೀರಿನಲ್ಲಿ, ಮೊಟ್ಟೆ ಉಂಡೆ ಬಾಯಲ್ಲೇ. ಟಿಶ್ಯೂ ಮೇಲೆ ಹಾಕಿ ಎರಡು ಗಂಟೆ ಕಾದೆ. ಇರುವೆ ಮುಳುಗಿದ ಮೇಲೂ ಎಷ್ಟೋ ಸಲ ಎದ್ದು ಕೂರುತ್ತದೆ. ಇದು ಏಳಲಿಲ್ಲ.

ಉಳಿದದ್ದು 3ನೇ ಟ್ಯೂಬು. ಅಮ್ಮ ಅದಕ್ಕೆ ಅಮ್ಮಣ್ಣಿ ಅಂತ ಹೆಸರಿಟ್ಟರು. "ಅರಮನೆಯೋರ ಹಾಗೆ ಕೂತಲ್ಲೇ ಕೂತಿರ್ತಾಳೆ."

ಕಾಯುವ ಕೆಲಸ

18ನೇ ದಿನದ ಹೊತ್ತಿಗೆ ಮೊಟ್ಟೆ ಒಡೆದು ಮರಿಹುಳ ಬಂದವು. ಕಾಲಿಲ್ಲ, ಕಣ್ಣಿಲ್ಲ, ಬೆಳ್ಳಗಿನ ಅನ್ನದ ಅಗುಳಿನ ಹಾಗೆ. ಅಮ್ಮಣ್ಣಿ ಒಂದೊಂದಕ್ಕೂ ಬಾಯಿಗೆ ಬಾಯಿ ಇಟ್ಟು ತನ್ನ ಮೈಯೊಳಗಿನದನ್ನೇ ಉಣಿಸುತ್ತಿದ್ದಳು. ಒಂದು ತಿಂಗಳಾಗುವಾಗ ಮೊದಲನೆಯದು ಗೂಡು ಕಟ್ಟಿತು. ರೇಷ್ಮೆಗೂಡು ನೋಡಿದವರಿಗೆ ಇದು ಹೊಸದಲ್ಲ, ಅದರದೇ ಪುಟ್ಟ ತದ್ರೂಪು, ಕಂದು ಬಣ್ಣ. ಮನೆಯಲ್ಲಿ "ಇರುವೆ ಮೊಟ್ಟೆ ಹೊತ್ಕೊಂಡು ಹೋಗ್ತಿದೆ" ಅನ್ನುತ್ತೇವಲ್ಲ, ಆ ಬಿಳಿ ಉಂಡೆಗಳು ಬಹುಪಾಲು ಮರಿ ಅಥವಾ ಗೂಡು.

ಭೂತಗನ್ನಡಿ ಹಿಡಿದರೆ ಗೂಡಿನ ಒಂದು ತುದಿಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಮೊದಲು ಬೂಷ್ಟು ಹಿಡಿದಿದೆ ಅಂತ ಗಾಬರಿಯಾದೆ. ಚಿಮಟ ತೆಗೆದುಕೊಂಡೂ ಆಗಿತ್ತು. ಆಮೇಲೆ ಓದಿದಾಗ ಗೊತ್ತಾಯಿತು, ಅದು ಮರಿಹುಳದ ಮೊದಲ ಮಲವಿಸರ್ಜನೆ. ಮರಿಯಾಗಿದ್ದಷ್ಟು ದಿನ ಅದರ ಹೊಟ್ಟೆಯ ಹಿಂಬದಿ ಮುಚ್ಚಿರುತ್ತದೆ, ತಿಂದ ಅಷ್ಟರ ಕಸವೂ ಒಳಗೇ. ಗೂಡು ಕಟ್ಟಿಕೊಂಡ ಮೇಲೆ ಒಟ್ಟಿಗೆ ಹೊರಗೆ ಹಾಕುತ್ತದೆ. ಚುಕ್ಕೆ ಬಂತು ಅಂದರೆ ಎಲ್ಲ ಸರಿಯಾಗಿದೆ ಅಂತ ಅರ್ಥ. ಚಿಮಟ ವಾಪಸ್ ಡ್ರಾಯರಿಗೆ ಹೋಯಿತು.

47ನೇ ದಿನ, ಭಾನುವಾರ ಅಲ್ಲ, ಆದರೂ ನೋಡಿದೆ. ಗೂಡಿನ ತುದಿ ಹರಿದಿತ್ತು. ಅಮ್ಮಣ್ಣಿ ದವಡೆಯಿಂದ ಅದನ್ನು ಇನ್ನೂ ಕತ್ತರಿಸುತ್ತಿದ್ದಳು. ಒಳಗಿಂದ ಮಸುಕು ಹಳದಿ ಬಣ್ಣದ ಒಂದು ಇರುವೆ, ಮೀಸೆ ಇನ್ನೂ ಮೈಗೆ ಅಂಟಿಕೊಂಡಿತ್ತು. ಕಾಲು ಒಂದೊಂದಾಗಿ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ. ಅಮ್ಮಣ್ಣಿ ನೆಕ್ಕಿ ನೆಕ್ಕಿ ಎಬ್ಬಿಸಿ ನಿಲ್ಲಿಸಿದಳು. ಕಪ್ಪಾಗಲು ಒಂದೆರಡು ದಿನ ಬೇಕಾಯಿತು. ಮೊದಲ ಮಕ್ಕಳು ತುಂಬ ಸಣ್ಣ. ಒಬ್ಬಳೇ ತಾಯಿ ಉಪವಾಸ ಇದ್ದು ಸಾಕಿದ್ದಲ್ಲವೇ, ಇದ್ದದ್ದರಲ್ಲಿ ಹಂಚಿದ್ದು.

ಎರಡು ವಾರದಲ್ಲಿ ಆರು ಆದವು. ಒಂದು ಬೆಳಿಗ್ಗೆ ಅವುಗಳಲ್ಲಿ ಎರಡು ಮಲಗಿದಲ್ಲೇ ಕಾಲು ಕಾಲು ಅದುರಿಸುತ್ತಿದ್ದವು. ಸಂಜೆಗೆ ಸತ್ತವು. ರೂಮಿನಲ್ಲಿ ಏನು ಬದಲಾಗಿದೆ ಅಂತ ಯೋಚಿಸಿದರೆ ಉತ್ತರ ಗೋಡೆಯ ಮೇಲೇ ಇತ್ತು. ಮಳೆಗಾಲ ಅಂತ ಸೊಳ್ಳೆಗೆ ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಮಷೀನು, ಮೂರು ರಾತ್ರಿಯಿಂದ ಉರಿಯುತ್ತಿತ್ತು. ಸೊಳ್ಳೆಯ ನರಕ್ಕೆ ಹೊಡೆಯುವ ಮದ್ದು ಇರುವೆಯ ನರಕ್ಕೂ ಹೊಡೆಯುತ್ತದೆ. ಇದು ಹೊಳೆಯದೇ ಇದ್ದದ್ದಕ್ಕೆ ನನಗೆ ನನ್ನ ಮೇಲೇ ಕೋಪ ಬಂತು. ಮಷೀನು ಕಿತ್ತು ಹಾಕಿ ಸೊಳ್ಳೆಪರದೆ ಕಟ್ಟಿಕೊಂಡೆ. ನೀವು ಸಾಕುವುದಾದರೆ ಲಿಕ್ವಿಡ್, ಕಾಯಿಲ್, ಸ್ಪ್ರೇ, ಇರುವೆಗೆ ಗೆರೆ ಎಳೆಯುವ ಚಾಕ್‌ಪೀಸ್, ನುಸಿಗುಳಿಗೆ, ಯಾವುದೂ ಆ ರೂಮಿನಲ್ಲಿ ಬೇಡ.

ಊಟ

ಮಕ್ಕಳು ಬಂದ ಮೇಲೆ ಊಟ ಕೊಡಬೇಕು. ನಾನು ಧಾರಾಳಿ. ಒಂದು ದಪ್ಪ ಜೇನಿನ ಹನಿ ಟ್ಯೂಬಿನೊಳಗೇ ಬಿಟ್ಟೆ. ಒಂದು ಇರುವೆ ಮುಂಗಾಲು ಇಟ್ಟಿತು, ಹಿಂದಕ್ಕೆ ಬರಲಿಲ್ಲ. ಉಳಿದದ್ದು ಮೂರು.

ಈಗ ಮಾಡುವುದು ಹೀಗೆ. ಒಂದು ಭಾಗ ಸಕ್ಕರೆಗೆ ನಾಲ್ಕು ಭಾಗ ನೀರು. ಮಾತ್ರೆ ಪಟ್ಟಿಯ ಹಾಳೆಯನ್ನು ಉಗುರಿನಷ್ಟು ಕತ್ತರಿಸಿ, ಅದರ ಮೇಲೆ ಹತ್ತಿಯ ಸಣ್ಣ ಚೂರು, ಅದು ಒದ್ದೆಯಾಗುವಷ್ಟು ಮಾತ್ರ ಸಕ್ಕರೆನೀರು. ವಾರಕ್ಕೆ ಎರಡು ಸಲ, ಮಾರನೇ ದಿನ ತೆಗೆದುಬಿಡುವುದು. ಇಲ್ಲದಿದ್ದರೆ ಹುಳಿ ಬಂದು ಬೂಷ್ಟು.

ಕುಡಿಯುವುದನ್ನು ಒಂದು ಸಲ ಪಕ್ಕದಿಂದ ನೋಡಬೇಕು. ಹತ್ತಿಗೆ ಬಾಯಿ ಇಟ್ಟ ಇರುವೆ ಎರಡು ಮೂರು ನಿಮಿಷ ಅಲ್ಲಾಡುವುದಿಲ್ಲ. ಹಿಂದಿನ ಹೊಟ್ಟೆ ನಿಧಾನಕ್ಕೆ ಉಬ್ಬುತ್ತದೆ. ಕಪ್ಪು ಪಟ್ಟಿಗಳು ದೂರ ದೂರ ಸರಿದು, ನಡುವೆ ತೆಳು ಚರ್ಮ ಗೆರೆ ಗೆರೆಯಾಗಿ ಹೊಳೆಯುತ್ತದೆ. ಆಮೇಲೆ ಅದು ತನ್ನ ಪಾಡಿಗೆ ಒಳಗೆ ಹೋಗಿ ಅಮ್ಮಣ್ಣಿಯ ಮುಂದೆ ನಿಂತು ಬಾಯಿ ತೆರೆಯುತ್ತದೆ, ಇಬ್ಬರ ನಡುವೆ ಒಂದು ಹನಿ ಮಿನುಗುತ್ತದೆ. ಎರಡು ತಿಂಗಳ ಉಪವಾಸ ಮುಗಿದದ್ದು ಹಾಗೆ. ಆವತ್ತು ಅಮ್ಮನೂ ಕನ್ನಡಕ ಹಾಕಿಕೊಂಡು ಬಂದು ನೋಡಿದರು.

ಹುಳ ಬೇಕಾಗುವುದು ಮುಖ್ಯವಾಗಿ ಮರಿಗಳು ಬೆಳೆಯಲು ಮತ್ತು ರಾಣಿ ಮೊಟ್ಟೆ ಇಡಲು. ಗೊದ್ದದ ಹೊಟ್ಟೆಯಲ್ಲಿ ಬ್ಲಾಕ್‌ಮಾನಿಯಾ ಅನ್ನುವ ಬ್ಯಾಕ್ಟೀರಿಯಾ ಇದ್ದು ಕೆಲವು ಅಮೈನೋ ಆಮ್ಲಗಳನ್ನು ಮಾಡಿಕೊಡುತ್ತದೆ. ಹಾಗಂತ ಬರೀ ಸಕ್ಕರೆನೀರಲ್ಲಿ ಸಂಸಾರ ಬೆಳೆಯದು. ಅಡುಗೆಮನೆ ಜಿರಳೆ ಕೊಡಲು ಧೈರ್ಯ ಬರಲಿಲ್ಲ, ಯಾರ ಮನೆಯ ಮದ್ದು ತಿಂದು ಬಂದಿದೆಯೋ. ಪರಿಹಾರ ಸಿಕ್ಕಿದ್ದು ಸೊಳ್ಳೆ ಬ್ಯಾಟಿನಲ್ಲಿ. ಚಟ್ ಅಂತ ಬಿದ್ದ ಸೊಳ್ಳೆ, ಮದ್ದಿಲ್ಲ, ಬಿಸಿ ಬಿಸಿ. ರಾತ್ರಿ ನಾಲ್ಕು ಹೊಡೆದರೆ ಅವುಗಳ ವಾರದ ಊಟ. ಸೊಳ್ಳೆ ಲಿಕ್ವಿಡ್‌ಗೆ ಖರ್ಚು ಮಾಡುತ್ತಿದ್ದ ದುಡ್ಡೂ ಉಳಿಯಿತು.

ಬ್ಲಾಕು

ನವೆಂಬರ್ ಹೊತ್ತಿಗೆ ಟ್ಯೂಬಿನ ನೀರು ಹಳದಿಯಾಗಿತ್ತು, ಹತ್ತಿಗೆ ಕಪ್ಪು ಹಿಡಿದಿತ್ತು. ಹೊಸ ಟ್ಯೂಬನ್ನು ಬಾಯಿಗೆ ಬಾಯಿ ಜೋಡಿಸಿ ಟೇಪ್ ಸುತ್ತಿದೆ. ಒಂಬತ್ತು ದಿನ ಒಂದೂ ಕದಲಲಿಲ್ಲ. ಅಲ್ಲಾಡಿಸಿ ಹಾಕಿಬಿಡೋಣ ಅನ್ನಿಸಿತು, ಎರಡು ಸಲ ಕೈಗೂ ತೆಗೆದುಕೊಂಡೆ. ಕೊನೆಗೆ ಹೊಸದಕ್ಕೆ ಕಪ್ಪು ಕಾಗದ ಸುತ್ತಿ, ಹಳೆಯದನ್ನು ಬೆಳಕಿಗೆ ತೆರೆದಿಟ್ಟೆ. ರಾತ್ರಿ ಕಳೆಯುವುದರೊಳಗೆ ಗೂಡು, ಮರಿ, ಕಸ ಸಮೇತ ಎಲ್ಲ ಆಚೆ.

ಫೆಬ್ರವರಿಯಲ್ಲಿ ಎಣಿಕೆ 30 ದಾಟಿತು. ಆಗ ಮನೆ ಕಟ್ಟಲು ಕೂತೆ. ಇದಕ್ಕೆ ಮುಂಚೆ ಕಟ್ಟುವುದು ಬೇಡ. ಖಾಲಿ ಜಾಗ ಜಾಸ್ತಿ ಇದ್ದರೆ ಸಣ್ಣ ಸಂಸಾರ ಅದರಲ್ಲಿ ಕಸ ಗುಡ್ಡೆ ಹಾಕುತ್ತದೆ.

ಎದುರು ಸೈಟಿನಲ್ಲಿ ಮನೆ ಏಳುತ್ತಿತ್ತು. ಅಲ್ಲಿ ಒಡೆದ ಎಎಸಿ ಬ್ಲಾಕು (ಗೋಡೆ ಕಟ್ಟುವ ಸಿಮೆಂಟ್ ಇಟ್ಟಿಗೆ) ಬಿದ್ದಿದ್ದವು, ಬಿಳಿ, ಹಗುರ, ಬ್ರೆಡ್ಡಿನ ಹಾಗೆ ತೂತು ತೂತು. ಮೇಸ್ತ್ರಿಯನ್ನು ಕೇಳಿ 4 ಇಂಚು ದಪ್ಪದ ಒಂದು ತುಂಡು ತಂದೆ. ಈ ಬ್ಲಾಕು ಇರುವೆ ಮನೆಗೆ ಹೇಳಿ ಮಾಡಿಸಿದ್ದು: ನೀರು ಹೀರುತ್ತದೆ, ಸ್ಕ್ರೂಡ್ರೈವರಿನಲ್ಲೇ ಕೆತ್ತಬಹುದು. ಹ್ಯಾಕ್ಸಾ ಬ್ಲೇಡಿನಿಂದ 20 ಸೆಂಟಿಮೀಟರ್ ಉದ್ದಕ್ಕೆ ಕೊಯ್ದೆ. ಪೆನ್ಸಿಲಿನಲ್ಲಿ ಐದು ಕೋಣೆ ಗುರುತು ಮಾಡಿ ಒಂದೊಂದನ್ನೂ 12 ಮಿಲಿಮೀಟರ್ ಆಳಕ್ಕೆ ಕೆರೆದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಕೆಟ್ಟದು. ಒಂದು ಮೂಲೆಯಲ್ಲಿ ನೀರು ಹಾಕಲು ಬೇರೆ ಗುಂಡಿ, ಕೋಣೆಗೆ ತಾಗದಂತೆ. ತೊಳೆದು ಒಣಗಿಸಿ, ಹಳೇ ಫೋಟೋ ಫ್ರೇಮಿನ ಗಾಜನ್ನು ಮೇಲಿಟ್ಟು ನಾಲ್ಕು ಮೂಲೆಗೆ ಟೇಪ್ ಹಾಕಿದೆ. ಗೋಂದು ಬೇಡ, ಮುಂದೆ ತೆಗೆಯಬೇಕಾಗುತ್ತದೆ.

ಟ್ಯೂಬಿನಿಂದ ಬ್ಲಾಕಿಗೆ ದಾರಿ ಬೇಕಲ್ಲ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ಮನೆಯಲ್ಲಿತ್ತು, ಹಾಕಿದೆ. ಮಕ್ಕಳು ಸಲೀಸಾಗಿ ಓಡಾಡಿದವು. ಅಮ್ಮಣ್ಣಿ ಬಂದು ತಲೆ ತೂರಿಸಿದಳು, ಎದೆ ಹಿಡಿಯಲಿಲ್ಲ, ಹಿಂದೆ ಸರಿದಳು. ಮತ್ತೆ ಬಂದಳು. ಮಕ್ಕಳು ಮರಿಗಳನ್ನು ಆಚೆ ಸಾಗಿಸಿ ಆಗಿತ್ತು, ತಾಯಿ ಈಚೆ. ರಾತ್ರಿಯೆಲ್ಲ ಅವು ಮರಿ ಹೊತ್ತು ವಾಪಸ್ ಬರುವುದು, ಮತ್ತೆ ಹೋಗುವುದು. ನೋಡಲಾಗಲಿಲ್ಲ.

ಬೆಳಿಗ್ಗೆ ಅದೇ ಮೇಸ್ತ್ರಿಯ ಹತ್ತಿರ ಹೋದೆ. ಗೋಡೆ ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತಾರಲ್ಲ, ಆ ಲೆವೆಲ್ ಪೈಪು, ಬೆರಳು ಗಾತ್ರದ್ದು, ಒಳಗೆಲ್ಲ ಕಾಣುತ್ತದೆ. ಒಂದಡಿ ಕೊಡಿ ಅಂದೆ. "ಏನಕ್ಕೆ ಸಾರ್?" "ಇರುವೆಗೆ." ಅವರು ಮತ್ತೇನೂ ಕೇಳದೆ ಕತ್ತರಿಸಿ ಕೊಟ್ಟರು. ಅದನ್ನು ಹಾಕಿದ ಇಪ್ಪತ್ತು ನಿಮಿಷಕ್ಕೆ ಅಮ್ಮಣ್ಣಿ ಹೊಸ ಮನೆಯಲ್ಲಿದ್ದಳು.

ಊಟದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದೇ ಪೈಪಿನ ಇನ್ನೊಂದು ತುಂಡಿನಿಂದ ಜೋಡಿಸಿದ್ದು. ಇರುವೆಗಳು ಮೇಲೇರಿ ಹೊರಗೆ ಬರದಿರಲಿ ಅಂತ ಡಬ್ಬಿಯ ಒಳ ಅಂಚಿಗೆ ಕೊಬ್ಬರಿ ಎಣ್ಣೆ ಸವರಿದೆ. ಮಾರ್ಚ್ ಬಿಸಿಲು, ಮಧ್ಯಾಹ್ನಕ್ಕೆ ಎಲ್ಲ ಕೆಳಗಿಳಿದು ಕೊಚ್ಚೆ. ಆಮೇಲೆ ಟಾಲ್ಕಂ ಪೌಡರನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಕಲಸಿ, ಬ್ರಷ್ಷಿನಿಂದ ಎರಡು ಬೆರಳು ಅಗಲ ಪಟ್ಟಿ ಬಳಿದೆ. ಒಣಗಿದ ಮೇಲೆ ಇರುವೆ ಹತ್ತಿದರೆ ಪುಡಿ ಸಮೇತ ಜಾರಿ ಬೀಳುತ್ತದೆ. ತೇವ ಹಿಡಿದರೆ ಮತ್ತೆ ಬಳಿಯಬೇಕು.

ಆಚೆಯಿಂದ ಬರುವವರದು ಬೇರೆ ಕಾಟ. ಅಡುಗೆಮನೆಯ ಸಣ್ಣ ಇರುವೆಗಳು ಸಕ್ಕರೆನೀರಿನ ವಾಸನೆ ಹಿಡಿದು ಸಾಲುಗಟ್ಟಿ ಬಂದವು. ಆಗ ಅಮ್ಮನೇ ಮುಂದೆ ಬಂದರು. ಅಜ್ಜಿ ಕಾಲದ ಹಾಲಿನ ಬೀರುವಿನ ಕಾಲುಗಳಿಗೆ ಇಡುತ್ತಿದ್ದ ನಾಲ್ಕು ಕಲ್ಲಿನ ಬಟ್ಟಲು ಅಟ್ಟದಿಂದ ಇಳಿಸಿ, ನೀರು ತುಂಬಿ, ಪುಟ್ಟ ಮೇಜಿನ ಕಾಲಡಿ ಇಟ್ಟರು. ಇರುವೆ ಬರದಂತೆ ಮಾಡಿದ ವ್ಯವಸ್ಥೆಯ ಮೇಲೆ ಈಗ ಇರುವೆಗಳೇ ವಾಸ.

ಮೊದಲ ತಿಂಗಳು ನಾನು ಬ್ಲಾಕಿಗೆ ದಿನಾ ನೀರು ಹಾಕಿದೆ. ಗಾಜಿನ ಒಳಗೆ ಬೆವರು, ಒಂದು ಕೋಣೆಯಲ್ಲಿ ಬಿಳಿ ಬೂಷ್ಟು. ಈಗ ವಾರಕ್ಕೆ ಒಂದು ಸಲ, 10 ಮಿಲಿಲೀಟರ್ ಸಿರಿಂಜಿನಲ್ಲಿ ಒಂದು, ಆ ಗುಂಡಿಗೆ ಮಾತ್ರ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ. ಮರಿಗಳನ್ನು ಒದ್ದೆ ಕಡೆಗೆ, ಗೂಡುಗಳನ್ನು ಒಣ ಕಡೆಗೆ ಅವೇ ಬೇರೆ ಬೇರೆ ಮಾಡಿ ಜೋಡಿಸಿಕೊಳ್ಳುತ್ತವೆ.

ಈಗ ಎಣಿಕೆಗೆ ಸಿಗುವುದು ಎಪ್ಪತ್ತರ ಹತ್ತಿರ. ಹೋದ ತಿಂಗಳು ಮೊದಲ ದೊಡ್ಡತಲೆ ಹುಟ್ಟಿತು. ಉಳಿದವುಗಳ ಎರಡರಷ್ಟು ಮೈ, ಮೈಗಿಂತ ತಲೆಯೇ ಜಾಸ್ತಿ. ಕೆಲಸ ಏನೂ ಮಾಡದು, ಲೆವೆಲ್ ಪೈಪಿನ ಬಾಯಲ್ಲಿ ನಿಂತು ಬರುವವರನ್ನೆಲ್ಲ ಮೀಸೆಯಲ್ಲಿ ಮುಟ್ಟಿ ನೋಡುತ್ತದೆ. ಗಾಜು ಸ್ವಲ್ಪ ಎತ್ತಿದ್ದಕ್ಕೆ ಹೊಟ್ಟೆ ಮುಂದಕ್ಕೆ ಮಡಚಿ ಬೆರಳಿಗೆ ಸಿಡಿಸಿತು. ಮೂಸಿದರೆ ವಿನೆಗರಿನಂಥ ಘಾಟು, ಅದೇ ಫಾರ್ಮಿಕ್ ಆಮ್ಲ.

ಗಾಜು ಎತ್ತಿದ್ದು ಯಾಕೆ ಅಂದರೆ, ಐದನೇ ಕೋಣೆಯನ್ನು ಅವು ಕಸದ ತೊಟ್ಟಿ ಮಾಡಿಕೊಂಡಿವೆ. ಸೊಳ್ಳೆ ರೆಕ್ಕೆ, ಹರಿದ ಗೂಡು, ಸತ್ತವರ ಕಾಲು. ಅದನ್ನು ತೆಗೆದು, ಕೋಣೆ ಚಿಕ್ಕದು ಮಾಡಿ, ಅಂಚು ನಯ ಮಾಡೋಣ ಅಂತ ಕೈ ಕಡಿಯುತ್ತಿದೆ. ಸ್ಕ್ರೂಡ್ರೈವರನ್ನು ಅಮ್ಮನ ಹತ್ತಿರ ಕೊಟ್ಟಿದ್ದೇನೆ, ಕೇಳಿದರೂ ಕೊಡಬೇಡಿ ಅಂತ. ನಿನ್ನೆ ಕೇಳಿದೆ. ಕೊಡಲಿಲ್ಲ.